ರಸ್ತೆಯ ನೀರು ಅಂಗಳಕ್ಕೆ ನುಗ್ಗಿದರೆ ಹೊಣೆ ಯಾರದು?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೇ ತಿಂಗಳ ಸಂಜೆ ಮಳೆ ಬಿರುಸಾದರೆ ಜನ ಮೊದಲು ಓಡುವುದು ಗೇಟಿನ ಪಕ್ಕದ ಸಂಪಿನ ಹತ್ತಿರ. ರಸ್ತೆಯಿಂದ ಇಳಿದ ಕೆಸರು ನೀರು ಗೇಟಿನಡಿ ನುಸುಳಿ ಮೊದಲು ಸೇರುವುದು ಅಲ್ಲಿಗೇ. ಮುಚ್ಚಳದ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದು, ಮೇಲೊಂದು ಮರಳಿನ ಚೀಲ ಹೇರಿ, ಗೇಟಿಗೆ ಅಡ್ಡಲಾಗಿ ಎರಡು ವರಸೆ ಇಟ್ಟಿಗೆ ಜೋಡಿಸುತ್ತಾರೆ. ಅರ್ಧ ಗಂಟೆಯಲ್ಲಿ ಇಟ್ಟಿಗೆಯ ಎತ್ತರ ಸಾಲದಾಗುತ್ತದೆ. ಮರುದಿನ ಸಂಪು ಬರಿದು ಮಾಡಿ, ಹೂಳು ಬಳಿದು, ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ದುಡ್ಡು ಕೊಟ್ಟು ಟ್ಯಾಂಕರ್ ನೀರು ತುಂಬಿಸಬೇಕು.

ದೂರು ಕೊಟ್ಟರೆ ಸಿಗುವ ಉತ್ತರ ಬಹುತೇಕ ಒಂದೇ: “ಮಳೆ ನೀರು ಸಾರ್, ತಗ್ಗಿದ್ದ ಕಡೆಗೆ ಹರಿಯುತ್ತೆ.” ಈ ಮಾತಿನಲ್ಲಿ ಅರ್ಧ ಕಾನೂನಿದೆ. ತಾನಾಗಿ ಹರಿದು ಬಂದ ನೀರಿಗೆ ಯಾರನ್ನೂ ಹೊಣೆ ಮಾಡಲಾಗದು. ಆದರೆ ರಸ್ತೆಯ ನೀರು ಬಹಳಷ್ಟು ಸಲ ತಾನಾಗಿ ಹರಿದು ಬಂದದ್ದಾಗಿರುವುದಿಲ್ಲ. ಯಾರೋ ನೆಲದ ಇಳಿಜಾರು ಬದಲಿಸಿರುತ್ತಾರೆ, ಚರಂಡಿ ಮುಚ್ಚಿರುತ್ತಾರೆ, ನಾಲ್ಕು ಕಡೆ ಚದುರಿ ಹೋಗುತ್ತಿದ್ದುದನ್ನು ಒಂದೇ ಕಡೆಗೆ ತಿರುಗಿಸಿರುತ್ತಾರೆ. ಹೊಣೆಯ ಪ್ರಶ್ನೆ ಹುಟ್ಟುವುದು ಅಲ್ಲಿ.

ರಸ್ತೆಯೂ ಒಂದು ಚಾವಣಿ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೂವತ್ತು ಅಡಿ ಅಗಲದ ರಸ್ತೆಯ ನೂರು ಮೀಟರ್ ಉದ್ದವನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು 900 ಚದರ ಮೀಟರ್ ಆಗುತ್ತದೆ. ಅಷ್ಟರ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 45,000 ಲೀಟರ್, ಅಂದರೆ 6,000 ಲೀಟರಿನ ಏಳೂವರೆ ಟ್ಯಾಂಕರ್ ನೀರು. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರನ್ನು ಮುಳುಗಿಸಿದ ಮಳೆಯಲ್ಲಿ ನಗರದಲ್ಲಿ ದಾಖಲಾದದ್ದು 131.6 ಮಿಲಿಮೀಟರ್. ಇದೇ ತುಂಡು ರಸ್ತೆಗೆ ಅದು ಒಂದು ಲಕ್ಷ ಲೀಟರನ್ನು ಮೀರುತ್ತದೆ. ಮಣ್ಣಿನ ಹಾದಿಯಾಗಿದ್ದರೆ ಒಂದಷ್ಟು ಇಂಗುತ್ತಿತ್ತು. ಡಾಂಬರು, ಕಾಂಕ್ರೀಟಿನ ಮೇಲೆ ಬಿದ್ದದ್ದು ಹೆಚ್ಚುಕಮ್ಮಿ ಪೂರ್ತಿ ಹರಿಯುತ್ತದೆ. ಮನೆಯ ಚಾವಣಿಗೆ ಪೈಪು ಇಟ್ಟು ನೀರು ಎಲ್ಲಿಗೆ ಬೀಳಬೇಕೆಂದು ಯೋಚಿಸುವಂತೆಯೇ ರಸ್ತೆಗೂ ಯೋಚಿಸಬೇಕಾಗುತ್ತದೆ.

ಅದಕ್ಕೆ ಲಿಖಿತ ಕ್ರಮವೂ ಇದೆ. ರಸ್ತೆಯ ನಡುಭಾಗ ಉಬ್ಬಿ ಎರಡೂ ಅಂಚು ತಗ್ಗಾಗಿರಬೇಕು. ಎಂಜಿನಿಯರುಗಳ ಮಾತಿನಲ್ಲಿ ಇದು ಕ್ಯಾಂಬರ್. ಒಳ್ಳೆಯ ಡಾಂಬರು ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಮಾಣ ಶೇ 1.7ರಿಂದ 2. ಮೂವತ್ತು ಅಡಿ ರಸ್ತೆಯಲ್ಲಿ ನಡುಭಾಗ ಅಂಚಿಗಿಂತ ಎಂಟೊಂಬತ್ತು ಸೆಂಟಿಮೀಟರ್ ಮೇಲಿದ್ದರೆ ಸಾಕು. ಅಂಚಿಗೆ ಬಂದ ನೀರು ಕರ್ಬ್ ಕಲ್ಲಿನ ಪಕ್ಕದಲ್ಲಿ ಹರಿದು, ಕಿಂಡಿ ಅಥವಾ ಜಾಲರಿಯ ಮೂಲಕ ಪಕ್ಕದ ಚರಂಡಿಗೆ ಇಳಿಯುತ್ತದೆ. ಚರಂಡಿಯಿಂದ ರಾಜಕಾಲುವೆ, ಅಲ್ಲಿಂದ ಕೆರೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಬೀದಿಯ ಅತ್ಯಂತ ತಗ್ಗಿನ ಗೇಟೇ ಆ ಕೊಂಡಿಯ ಜಾಗ ತುಂಬುತ್ತದೆ.

ಪದರದ ಮೇಲೆ ಪದರ

ನಗರಗಳಲ್ಲಿ ಈ ಕೊಂಡಿ ಕಳಚುವ ಬಗೆ ತೀರಾ ಸರಳ. ರಸ್ತೆ ಹಾಳಾದಾಗ ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು ಹಾಸುತ್ತಾರೆ. ಒಂದು ಸಲಕ್ಕೆ ನಾಲ್ಕು ಸೆಂಟಿಮೀಟರ್ ಏರಿದರೆ ಐದು ಸಲಕ್ಕೆ ಎಂಟು ಇಂಚು. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಲ್ಲಿ ಕಾಂಕ್ರೀಟಿನ ದಪ್ಪವೇ ಆರರಿಂದ ಎಂಟು ಇಂಚು. ಹಳೆಯ ಡಾಂಬರನ್ನು ಕೆರೆದು ಮಟ್ಟ ತಗ್ಗಿಸದಿದ್ದರೆ ಒಂದೇ ಸಲಕ್ಕೆ ಅಷ್ಟೂ ಏರುತ್ತದೆ. ನಲವತ್ತು ವರ್ಷದ ಹಿಂದೆ ಒಂದೂವರೆ ಅಡಿ ಎತ್ತರದ ಪಾಯ ಹಾಕಿ ಕಟ್ಟಿದ ಮನೆಯ ಪಡಸಾಲೆ ಇವತ್ತು ರಸ್ತೆಯ ಸಮಕ್ಕೆ ಬಂದು ನಿಂತಿರುವುದು ಹೀಗೆ. ಮನೆ ಕುಸಿದಿಲ್ಲ, ರಸ್ತೆ ಎದ್ದಿದೆ.

ಮಟ್ಟ ಏರುವಾಗ ಇನ್ನೊಂದು ಅನಾಹುತವೂ ಜತೆಗೇ ಆಗುತ್ತದೆ. ಕರ್ಬ್ ಕಲ್ಲಿನ ಕಿಂಡಿಗಳು ಡಾಂಬರಿನಲ್ಲಿ ಹೂತುಹೋಗುತ್ತವೆ. ಚರಂಡಿ ಹಾಗೆಯೇ ಇರುತ್ತದೆ, ಒಳಗೆ ಒಣಗಿಯೂ ಇರುತ್ತದೆ. ನೀರಿಗೆ ಅದರೊಳಗೆ ಇಳಿಯುವ ದಾರಿ ಮಾತ್ರ ಇರುವುದಿಲ್ಲ. ಮಳೆ ನಿಂತ ಮೇಲೆ ಪರಿಶೀಲನೆಗೆ ಬಂದವರು ಚಪ್ಪಡಿ ಎತ್ತಿ ನೋಡಿ “ಚರಂಡಿ ಸ್ವಚ್ಛವಾಗಿದೆಯಲ್ಲ” ಎಂದು ಹೊರಟುಬಿಡುವ ಪ್ರಸಂಗಗಳ ಹಿಂದೆ ಇರುವುದು ಇಷ್ಟೇ ಕತೆ.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು. ಮಿಲ್ಲಿಂಗ್ ಯಂತ್ರದಿಂದ ಹಳೆಯ ಪದರ ಕೆರೆದು ತೆಗೆದು, ಅಷ್ಟೇ ದಪ್ಪದ ಹೊಸ ಪದರ ಹಾಸಿದರೆ ಮಟ್ಟ ಏರುವುದಿಲ್ಲ. ತಮಿಳುನಾಡಿನಲ್ಲಿ 2021ರಲ್ಲಿ ಮುಖ್ಯ ಕಾರ್ಯದರ್ಶಿಯೇ, ಹಳೆಯ ಪದರ ಕೆರೆಯದೆ ಮರುಡಾಂಬರೀಕರಣ ಮಾಡಬಾರದೆಂದು ಸೂಚನೆ ಹೊರಡಿಸಿದ್ದರು. ಆದರೂ ಕೆರೆಯುವ ಕೆಲಸ ತಪ್ಪಿಹೋಗುವುದುಂಟು. ಹಾಸಿದ ಡಾಂಬರು ಉದ್ಘಾಟನೆಯ ದಿನ ಕಪ್ಪಗೆ ಹೊಳೆಯುತ್ತದೆ, ಕೆರೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ತಗ್ಗಿನ ಜಮೀನಿನವರ ಪಾಡು

ಕಾನೂನಿನ ಮೊದಲ ಪಾಠ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯಲ್ಲಿದೆ. ಅದರ 7ನೇ ಸೆಕ್ಷನ್ ಕೊಡುವ ಉದಾಹರಣೆಗಳ ಪ್ರಕಾರ, ಮೇಲಿನ ಜಮೀನಿನಲ್ಲಿ ಬಿದ್ದ ಅಥವಾ ಉಕ್ಕಿದ ನೀರು ಗೊತ್ತಾದ ಕಾಲುವೆಯಿಲ್ಲದೆ ಸಹಜವಾಗಿ ಹರಿದು ಬಂದರೆ, ಕೆಳಗಿನ ಜಮೀನಿನವರು ಅದನ್ನು ಬರಗೊಡಬೇಕು. ಮಲೆನಾಡಿನ ಗುಡ್ಡದ ಬುಡದಲ್ಲಿ ಅಡಿಕೆ ತೋಟ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗುಡ್ಡದ ನೀರು ಬಂದೇ ಬರುತ್ತದೆ. ಅದಕ್ಕಾಗಿಯೇ ತೋಟದ ಉದ್ದಕ್ಕೂ ಕಪ್ಪು, ಅಂದರೆ ಬಸಿಗಾಲುವೆ, ತೋಡಿರುತ್ತಾರೆ.

ಈ ನಿಯಮದ ಜೀವವೆಲ್ಲ ‘ಸಹಜವಾಗಿ’ ಎಂಬ ಷರತ್ತಿನಲ್ಲಿದೆ. ಅದೇ ಗುಡ್ಡವನ್ನು ಸೀಳಿ ರಸ್ತೆ ಮಾಡಿದಾಗ ಇಡೀ ಇಳಿಜಾರಿನಲ್ಲಿ ತೆಳ್ಳಗೆ ಹರಡಿ ಬರುತ್ತಿದ್ದ ನೀರನ್ನು ಮೇಲ್ಬದಿಯ ಚರಂಡಿ ತಡೆದು ಒಟ್ಟು ಮಾಡುತ್ತದೆ. ಇನ್ನೂರು ಮೀಟರ್ ಉದ್ದದ ನೀರು ಒಂದು ಮೋರಿಯ ಬಾಯಿಂದ ಒಂದೇ ಧಾರೆಯಾಗಿ ಕೆಳಗೆ ಧುಮುಕುತ್ತದೆ. ಮೋರಿಯ ಬಾಯಿಂದ ಹಳ್ಳದವರೆಗೆ ಕಲ್ಲು ಕಟ್ಟಿದ ಕಾಲುವೆ ಇದ್ದರೆ ಸರಿ. ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲಿ ತೋಟದ ನಡುವೆ ಮೊಣಕಾಲುದ್ದದ ಕೊರಕಲು ಬೀಳುತ್ತದೆ, ಎರಡನೆಯದರಲ್ಲಿ ಅಡಿಕೆ ಮರದ ಬೇರು ಬಿಚ್ಚಿಕೊಳ್ಳುತ್ತದೆ. ಬಿದ್ದ ಮಳೆ ಮೊದಲಿನಷ್ಟೇ. ಬಂದ ಬಗೆ ಬೇರೆ. ಸಹಜ ಹರಿವನ್ನು ಸಹಿಸಬೇಕಾದ ಜಮೀನುದಾರ ಹೀಗೆ ಒಟ್ಟುಗೂಡಿಸಿ ಬಿಟ್ಟ ನೀರನ್ನೂ ಸಹಿಸಬೇಕೆಂದು ಆ ನಿಯಮ ಹೇಳುವುದಿಲ್ಲ.

ಇದಕ್ಕೆ ತದ್ವಿರುದ್ಧ ತೊಂದರೆಯೂ ಇದೆ. ಗದ್ದೆ ಬಯಲಿನಲ್ಲಿ ಮಣ್ಣು ಏರಿಸಿ ಎತ್ತರದ ರಸ್ತೆ ಮಾಡಿದರೆ ಅದೇ ಒಂದು ಒಡ್ಡು. ಮೋರಿ ಸಣ್ಣದಾದರೆ ಮೇಲ್ಬದಿಯ ಮನೆ, ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಕರಾವಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಕಡೆಗಳಲ್ಲಿ ಮಳೆಗಾಲದ ದೂರುಗಳಿಗೆ ಇದೂ ಒಂದು ಮೂಲ.

ಕೆರೆ ಒಡೆದ ಮೊಕದ್ದಮೆ

ನೀರು ಒಟ್ಟು ಮಾಡಿದವರು ಅದು ಮಾಡುವ ಹಾನಿಗೆ ಎಷ್ಟರ ಮಟ್ಟಿಗೆ ಬಾಧ್ಯರು? ಇಂಗ್ಲೆಂಡಿನಲ್ಲಿ ಇದಕ್ಕೆ ಬಿಗಿಯಾದ ಉತ್ತರ ಬಂದದ್ದು 1868ರಲ್ಲಿ. ಲ್ಯಾಂಕಾಷೈರಿನಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕ ಗುತ್ತಿಗೆದಾರರಿಂದ ಜಲಾಶಯ ಕಟ್ಟಿಸಿದ್ದ. ಅದರ ತಳದಲ್ಲಿದ್ದ ಹಳೆಯ ಸುರಂಗಗಳ ಮೂಲಕ ನೀರು ನುಗ್ಗಿ ಫ್ಲೆಚರ್ ಎಂಬಾತನ ಕಲ್ಲಿದ್ದಲ ಗಣಿ ಮುಳುಗಿತು. ರೈಲ್ಯಾಂಡ್ಸ್‌ನ ತಪ್ಪು ಏನೂ ಇರಲಿಲ್ಲ. ಆದರೂ ಅಪಾಯದ ವಸ್ತುವನ್ನು ತನ್ನ ನೆಲದಲ್ಲಿ ಅಸಹಜವಾಗಿ ತಂದು ಕೂಡಿಟ್ಟವನು ಅದು ತಪ್ಪಿಸಿಕೊಂಡರೆ ನಷ್ಟ ಕಟ್ಟಿಕೊಡಬೇಕೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಆರು ವರ್ಷದ ನಂತರ ಅಂಥದೇ ಪ್ರಶ್ನೆ ದಕ್ಷಿಣ ಭಾರತದಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೆಟ್ಟಿಲೇರಿತು. ಈಗಿನ ಆಂಧ್ರದ ಕಾರ್ವೇಟಿನಗರ ಜಮೀನ್ದಾರಿಯ ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಆಸ್ತಿಗೆ ಹಾನಿಯಾಗಿತ್ತು. ರೈಲ್ವೆಯವರು ರೈಲ್ಯಾಂಡ್ಸ್ ತೀರ್ಪನ್ನೇ ಮುಂದಿಟ್ಟರು. ಪ್ರಿವಿ ಕೌನ್ಸಿಲ್ 1874ರಲ್ಲಿ ಅದನ್ನು ಒಪ್ಪಲಿಲ್ಲ. ಕೆರೆಗಳು ಈ ನಾಡಿನ ಬೇಸಾಯಕ್ಕೆ ಬೇಕೇ ಬೇಕಾದವು, ತಲೆತಲಾಂತರದಿಂದ ಬಂದವು, ಅವನ್ನು ಕಾಪಾಡಿಕೊಂಡು ಬರುವುದು ಜಮೀನ್ದಾರನ ಕರ್ತವ್ಯವೇ. ಆದ್ದರಿಂದ ಆತನ ನಿರ್ಲಕ್ಷ್ಯ ಸಾಬೀತಾಗದೆ ಹೊಣೆ ಹೊರಿಸಲಾಗದು ಎಂಬುದು ಅದರ ನಿಲುವು. ಕೆರೆ ಕಟ್ಟಿ ಬದುಕಿದ ಸೀಮೆಗೆ ಗಿರಣಿ ಸೀಮೆಯ ಸೂತ್ರ ಹೊಂದದೆಂದು ಲಂಡನ್ನಿನ ನ್ಯಾಯಾಧೀಶರಿಗೂ ಹೊಳೆದಿತ್ತು.

ಇಂದಿನ ರಸ್ತೆಗಳಿಗೂ ಈ ತರ್ಕ ಸಲ್ಲುತ್ತದೆ. ರಸ್ತೆ ಎಲ್ಲರಿಗೂ ಬೇಕಾದದ್ದು, ಕಾನೂನೇ ಅಧಿಕಾರ ಕೊಟ್ಟು ಮಾಡಿಸುವ ಕೆಲಸ. ಮನೆಗೆ ನೀರು ಬಂದಿತೆಂಬ ಒಂದೇ ಕಾರಣಕ್ಕೆ ಇಲಾಖೆ ಸೋಲುವುದಿಲ್ಲ. ಮಟ್ಟ ನೋಡದೆ ರಸ್ತೆ ಏರಿಸಿದರು, ಕಿಂಡಿ ಮುಚ್ಚಿದರು, ಮೋರಿಯ ನೀರಿಗೆ ಮುಂದಿನ ದಾರಿ ಮಾಡಲಿಲ್ಲ ಎಂಬಂಥ ಅಜಾಗರೂಕತೆಯನ್ನು ತೋರಿಸಿಕೊಡಬೇಕು. ಕಾನೂನಿನ ಅಧಿಕಾರವಿದೆ ಎಂದಮಾತ್ರಕ್ಕೆ ಕೆಲಸವನ್ನು ಹೇಗೆಂದರೆ ಹಾಗೆ ಮಾಡುವ ಪರವಾನಗಿ ಇರುವುದಿಲ್ಲ.

ಯಾರ ರಸ್ತೆ?

ಹೊಣೆ ಕೇಳುವ ಮುನ್ನ ರಸ್ತೆ ಯಾರದೆಂದು ತಿಳಿಯಬೇಕು. ಇಲ್ಲಿ ದೂರುಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ. ರಾಷ್ಟ್ರೀಯ ಹೆದ್ದಾರಿಗಳು ಹೆದ್ದಾರಿ ಪ್ರಾಧಿಕಾರದ ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಉಸ್ತುವಾರಿಯಲ್ಲಿವೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತವೆ. ಪಟ್ಟಣಗಳಲ್ಲಿ ಪುರಸಭೆ, ನಗರಸಭೆ, ಪಾಲಿಕೆ. ಬೆಂಗಳೂರಿನಲ್ಲಿ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ನಂತರ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಮನೆ ಯಾವ ಪಾಲಿಕೆಗೆ ಸೇರಿತೆಂಬುದನ್ನೂ ನೋಡಿಕೊಳ್ಳಬೇಕು. ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಬಡಾವಣೆಯ ರಸ್ತೆಗೆ ಬಿಡಿಎ ಅಥವಾ ಬಡಾವಣೆ ನಿರ್ಮಿಸಿದವರೇ ಉತ್ತರ ಹೇಳಬೇಕು.

ನೀರಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದು, ಮಳೆನೀರಿನ ಚರಂಡಿ ಪಾಲಿಕೆಯದು. ಮ್ಯಾನ್‌ಹೋಲ್ ಉಕ್ಕಿ ಬಂದ ನೀರಿಗೆ ಪಾಲಿಕೆಯ ಎಂಜಿನಿಯರನ್ನು ಹಿಡಿದರೆ ಒಂದು ವಾರ ಹೋಗುತ್ತದೆ.

ಹಣವಿಲ್ಲ ಎಂದರೆ ಸಾಲದು

ಚರಂಡಿ ಕಟ್ಟುವುದು, ಕಾಪಾಡುವುದು, ಶುಚಿಯಾಗಿಡುವುದು ಸ್ಥಳೀಯ ಸಂಸ್ಥೆಗಳ ಮರ್ಜಿಗೆ ಬಿಟ್ಟದ್ದಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 58ನೇ ಸೆಕ್ಷನ್ ಅದನ್ನು ಕಡ್ಡಾಯ ಕರ್ತವ್ಯಗಳ ಸಾಲಿಗೆ ಸೇರಿಸಿದೆ. ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಹೇಳುವ ಸೆಕ್ಷನ್ ಕೂಡ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಕಾಕತಾಳೀಯವಾಗಿ 58ನೆಯದೇ.

ಅನುದಾನವಿಲ್ಲ ಎಂಬ ಉತ್ತರಕ್ಕೆ ಸುಪ್ರೀಂ ಕೋರ್ಟು 1980ರಲ್ಲೇ ಪ್ರತ್ಯುತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮಿನ ಒಂದು ರಸ್ತೆಯ ನಿವಾಸಿಗಳು ತೆರೆದ ಚರಂಡಿ, ಕೊಳಚೆ ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋದರು. ಚರಂಡಿ ಕಟ್ಟುವಂತೆ ಆದೇಶವಾಯಿತು. ದುಡ್ಡಿಲ್ಲ ಎಂದು ಪುರಸಭೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಆ ನೆಪವನ್ನು ತಳ್ಳಿಹಾಕಿ, ಗೊತ್ತುಪಡಿಸಿದ ಅವಧಿಯಲ್ಲಿ ಕೆಲಸ ಮುಗಿಸಲು ಹೇಳಿತು. ನಿವಾಸಿಗಳು ಬಳಸಿದ್ದು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಸೆಕ್ಷನ್ ಆಗಿದೆ. ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ತೊಂದರೆ ಒಂದೇ ಮನೆಯದಾಗಿರದೆ ಸಾರ್ವಜನಿಕ ಉಪದ್ರವ ಆಗಿರಬೇಕೆಂಬುದು ಷರತ್ತು. ಬೀದಿಯವರೆಲ್ಲ ಸೇರಿ ಸಹಿ ಹಾಕಿದ ಅರ್ಜಿಗೆ ತೂಕ ಬರುವುದು ಅದರಿಂದ.

ಗೇಟಿನ ಈಚೆಯ ಹೊಣೆ

ಎಲ್ಲ ತಪ್ಪೂ ಇಲಾಖೆಯದೇ ಎನ್ನಲಾಗದು. ಕಾರು ಒಳಗೆ ತರಲು ಗೇಟಿನೆದುರು ಚರಂಡಿಯ ಮೇಲೆಯೇ ಕಾಂಕ್ರೀಟ್ ಇಳಿಜಾರು ಹಾಕಿಸಿಕೊಂಡ ಮನೆ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಅದು ರಸ್ತೆಯಂಚಿನ ಹರಿವನ್ನು ತಡೆದು ಪಕ್ಕದ ಮನೆಗೆ ತಿರುಗಿಸುತ್ತದೆ. ಚಾವಣಿಯ ನೀರನ್ನು ಒಳಚರಂಡಿಗೆ ಸೇರಿಸುವುದು ನಿಷಿದ್ಧ; ಸೇರಿಸಿದರೆ ಬೀದಿಯ ಕೆಳತುದಿಯಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಂದ ತಿದ್ದುಪಡಿ ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಿದ್ದು ಕುಡಿಯುವ ನೀರಿನ ಸಲುವಾಗಿಯೇ ಆದರೂ, ಬೀದಿಗೆ ಬೀಳುವ ಹೊರೆಯನ್ನೂ ಅದು ಇಳಿಸುತ್ತದೆ.

ನಿವೇಶನದ ಪೂರ್ವಾಪರವೂ ಮುಖ್ಯ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಜೋಡಿಗೆರೆಯಾಗಿ ಕಾಣುವ ಕಾಲುವೆಯ ಮೇಲೆಯೇ ಬಡಾವಣೆ ಎದ್ದಿದ್ದರೆ ವಾದ ತಲೆಕೆಳಗಾಗುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಹಳ್ಳ, ನಾಲೆ, ಕೆರೆಗಳು ಸರ್ಕಾರದ ಸ್ವತ್ತು. ಅಲ್ಲಿ ಕಟ್ಟಿದ ಮನೆಯವರು ನೀರಿನ ಮೇಲೆ ದೂರು ಕೊಡುವ ಮೊದಲು ತಮ್ಮ ಕಟ್ಟಡಕ್ಕೆ ಉತ್ತರ ಹೇಳಬೇಕಾಗಿ ಬರಬಹುದು. ನಿವೇಶನ ಕೊಳ್ಳುವಾಗ ಖಾತೆ, ಇ.ಸಿ. ನೋಡುವವರು ಈ ನಕ್ಷೆಯನ್ನು ಬಿಚ್ಚಿ ನೋಡುವುದು ಅಪರೂಪ.

ಸಾಬೀತು ಮತ್ತು ದಾವೆ

ಇಂಥ ಪ್ರಕರಣಗಳು ನಿಲ್ಲುವುದು ಮಟ್ಟದ ಅಳತೆಯ ಮೇಲೆ. ಮನೆಯ ಪಾಯ, ಗೇಟು, ರಸ್ತೆಯ ನಡುಭಾಗ, ಅಂಚು, ಚರಂಡಿಯ ತಳ ಇವುಗಳ ಎತ್ತರವನ್ನು ಸರ್ವೇಯರ್ ಒಬ್ಬರಿಂದ ಅಳೆಸಿ ಬರೆಸಿಟ್ಟುಕೊಂಡರೆ ಅದು ನೂರು ಫೋಟೊಗಳಿಗಿಂತ ಗಟ್ಟಿ. ಫೋಟೊ, ವಿಡಿಯೊ ಬೇಕಾಗುವುದು ಮಳೆ ಸುರಿಯುವಾಗಿನವು, ನೀರು ಎಲ್ಲಿಂದ ಹೊರಳಿ ಬಂತೆಂದು ಕಾಣುವಂಥವು. ರಸ್ತೆ ಏರುವ ಮುಂಚಿನ ಸ್ಥಿತಿಗೆ ಹಳೆಯ ಗೃಹಪ್ರವೇಶದ ಚಿತ್ರವೂ ಸಾಕ್ಷಿಯಾಗಬಲ್ಲದು.

ಉಳಿದದ್ದು ಇಲಾಖೆಯ ಕಡತದಲ್ಲೇ ಇರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಾಮಗಾರಿಯ ಅಂದಾಜು ಪಟ್ಟಿ, ನಕ್ಷೆ, ಅಳತೆ ಪುಸ್ತಕದ ಪ್ರತಿ ಪಡೆಯಬಹುದು. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ, ಅದನ್ನು ಬಳಸುವವರು ಕಡಿಮೆ. ಕೆರೆಯುವ ಕೆಲಸಕ್ಕೆ ಅಂದಾಜು ಪಟ್ಟಿಯಲ್ಲಿ ಹಣ ಇಟ್ಟಿದ್ದು, ರಸ್ತೆಯ ಮಟ್ಟ ಮಾತ್ರ ಏರಿದ್ದರೆ ನಿರ್ಲಕ್ಷ್ಯದ ಪುರಾವೆಗೆ ಬೇರೆಲ್ಲೂ ಹೋಗಬೇಕಿಲ್ಲ. ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ ಮುಗಿದಿಲ್ಲವಾದರೆ ಅವನ ಖರ್ಚಿನಲ್ಲೇ ಸರಿಪಡಿಸುವಂತೆ ಇಲಾಖೆಯನ್ನು ಒತ್ತಾಯಿಸಲೂಬಹುದು.

ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳ ನೋಟಿಸ್ ಕೊಡಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೋಗಬಹುದು. ಕಾಯ್ದೆಯ ಅಧಿಕಾರದಡಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಪರಿಹಾರ ಕೇಳಲು 1963ರ ಕಾಲಮಿತಿ ಕಾಯ್ದೆ ಒಂದೇ ವರ್ಷದ ಗಡುವು ಇಟ್ಟಿದೆ. ಮಳೆ ಬಂದಾಗಲೆಲ್ಲ ಮರುಕಳಿಸುವ ತೊಂದರೆ ಮುಂದುವರಿಯುತ್ತಿರುವ ತಪ್ಪೆಂದು ವಾದಿಸಲು 22ನೇ ಸೆಕ್ಷನ್ ಅವಕಾಶ ಕೊಡುತ್ತದಾದರೂ ಆ ಧೈರ್ಯದ ಮೇಲೆ ಕೂರುವುದು ಜಾಣತನವಲ್ಲ.

ರಸ್ತೆ ಕಾಮಗಾರಿಗೇ ತಡೆಯಾಜ್ಞೆ ತರುವುದು ಈಗ ಕಷ್ಟ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿ ಮೂಲಸೌಕರ್ಯ ಯೋಜನೆಗಳಿಗೆ ಅಡ್ಡಿಯಾಗುವ ತಡೆಯಾಜ್ಞೆಯನ್ನು ನಿರ್ಬಂಧಿಸಿದೆ. ಕೆಲಸ ನಿಲ್ಲಿಸಿ ಎನ್ನುವುದಕ್ಕಿಂತ ಕಿಂಡಿ ತೆರೆಯಿರಿ, ಮೋರಿಯಿಂದ ಹಳ್ಳಕ್ಕೆ ಕಾಲುವೆ ಕಟ್ಟಿ ಎಂಬ ಬೇಡಿಕೆ ನ್ಯಾಯಾಲಯಕ್ಕೂ ಇಲಾಖೆಗೂ ಒಪ್ಪಿಗೆಯಾಗುವ ಸಂಭವ ಹೆಚ್ಚು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೂ ಇದೆ. ಕರ್ತವ್ಯ ಮಾಡಿಸಲು ಅದು ಒಳ್ಳೆಯ ದಾರಿ; ನಷ್ಟ ಎಷ್ಟೆಂಬ ತಕರಾರಿದ್ದರೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಕಳಿಸುತ್ತಾರೆ.

ಪರಿಹಾರಧನ, ವಿಮೆ

ನೆರೆ ಬಂದಾಗ ಸರ್ಕಾರ ಹಂಚುವ ಪರಿಹಾರಧನ ಹೊಣೆಯ ಒಪ್ಪಿಗೆಯಲ್ಲ. ಕರ್ನಾಟಕದಲ್ಲಿ ಮನೆಗೆ ನೀರು ನುಗ್ಗಿದ ಕುಟುಂಬಗಳಿಗೆ ಕೊಟ್ಟ 10,000 ರೂಪಾಯಿ ತುರ್ತು ನೆರವು. ಅದನ್ನು ಪಡೆದವರು ರಸ್ತೆ ಇಲಾಖೆಯ ಮೇಲೆ ದಾವೆ ಹೂಡುವ ಹಕ್ಕು ಕಳೆದುಕೊಳ್ಳುವುದಿಲ್ಲ.

ದಾವೆ ಮುಗಿಯುವುದರೊಳಗೆ ಹಲವು ಮಳೆಗಾಲ ಕಳೆಯುವುದರಿಂದ ವಿಮೆಯ ವಿಚಾರ ತಿಳಿದಿರುವುದು ಒಳಿತು. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯಲ್ಲಿ ನೆರೆಯಿಂದ, ಮನೆ ಜಲಾವೃತವಾಗಿ ಆದ ಹಾನಿ ಸೇರಿದೆ. ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿಗೆ ಬೇಕಾದದ್ದು ಸಮಗ್ರ ವಾಹನ ವಿಮೆ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರದ ಹೊರತು ಕಂಪನಿಗಳು ಆ ಭಾಗದ ಹಣ ಕೊಡುವುದಿಲ್ಲ. ಮನೆಯ ನಷ್ಟ ಭರಿಸಿದ ವಿಮಾ ಕಂಪನಿಗೆ, ಆ ನಷ್ಟಕ್ಕೆ ಕಾರಣರಾದವರಿಂದ ಹಣ ವಸೂಲು ಮಾಡುವ ಹಕ್ಕು ವರ್ಗಾವಣೆಯಾಗುತ್ತದೆ. ಹಾಗಾಗಿ ವಿಮೆಯ ಹಣ ಬಂದ ಮೇಲೂ ಮಟ್ಟದ ಅಳತೆ, ಚಿತ್ರ, ದೂರಿನ ಸ್ವೀಕೃತಿಗಳನ್ನು ಎತ್ತಿಡಬೇಕಾಗುತ್ತದೆ.